‘ತಲೆಯನರಿದು’: ಅರಿ ಎಂಬ ಹಳೆಯ ಕ್ರಿಯಾಪದಕ್ಕೆ ಸಮಾನಾರ್ಥಕಗಳು ಯಾವುವು?

ಟಿಪ್ಪಣಿಕಾರ್ತಿ

ಎಲ್ಲರಿಗೂ ನಮಸ್ಕಾರ. ಪದವಿ ತರಗತಿಯ ವಿದ್ಯಾರ್ಥಿಗಳಿಗಾಗಿ ನಡುಗನ್ನಡ ಕಾವ್ಯದ ಯುದ್ಧಪ್ರಸಂಗವೊಂದಕ್ಕೆ ಪದಟಿಪ್ಪಣಿ ಬರೆಯುತ್ತಿದ್ದೇನೆ. ಅದರಲ್ಲಿ ‘ತಲೆಯನರಿದು’, ‘ಶಿರವನರಿದು’ ಎಂಬ ಪ್ರಯೋಗಗಳು ಬರುತ್ತವೆ. ಇಲ್ಲಿ ‘ಅರಿ’ ಎಂದರೆ ಕತ್ತರಿಸು, ಕಡಿದು ಬೇರ್ಪಡಿಸು ಎಂಬುದು ನಮಗೆ ಗೊತ್ತಿರುವ ಸಂಗತಿಯೇ. ಆದರೆ ಇಂದಿನ ವಿದ್ಯಾರ್ಥಿಗೆ ‘ಅರಿ’ ಎಂದೊಡನೆ ಹೊಳೆಯುವುದು ‘ತಿಳಿ’ ಎಂಬ ಅರ್ಥ ಮಾತ್ರ. ಸಂಸ್ಕೃತದ ಪರಿಚಯವಿದ್ದವರಿಗೆ ‘ಶತ್ರು’ ಎಂಬ ಇನ್ನೊಂದು ಅರ್ಥವೂ ಹೊಳೆಯಬಹುದು. ಹೀಗಾಗಿ ‘ಶತ್ರುವಿನ ತಲೆಯನ್ನು ತಿಳಿದುಕೊಂಡು’ ಎಂಬಂಥ ವಿಚಿತ್ರ ಅರ್ಥಗಳು ಉತ್ತರಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುತ್ತವೆ.

ನನ್ನ ಪ್ರಶ್ನೆ ಎರಡು ಭಾಗದ್ದು. ಈ ಕ್ರಿಯಾಪದ ಬಳಕೆಯಿಂದ ಏಕೆ ಮರೆಯಾಯಿತು? ಟಿಪ್ಪಣಿಯಲ್ಲಿ ಇದಕ್ಕೆ ಎದುರಾಗಿ ಯಾವ ಪದವನ್ನು ಕೊಡುವುದು ಸರಿ? ಕಡಿ, ತರಿ, ಕೊಯ್ಯು, ಸವರು, ಕೊಚ್ಚು, ಕತ್ತರಿಸು, ಚೆಂಡಾಡು, ಶಿರಚ್ಛೇದ ಮಾಡು ಎಂದು ಪಟ್ಟಿ ಮಾಡಿಕೊಂಡಿದ್ದೇನೆ. ಇವೆಲ್ಲವನ್ನೂ ಒಂದರ ಬದಲು ಇನ್ನೊಂದಾಗಿ ಬಳಸಬಹುದೇ?

ಶಕಟರೇಫ

ಮೊದಲ ಭಾಗಕ್ಕೆ ಉತ್ತರಿಸುತ್ತೇನೆ. ಹಳಗನ್ನಡದಲ್ಲಿ ಈ ಎರಡು ಪದಗಳ ನಡುವೆ ಗೊಂದಲವೇ ಇರಲಿಲ್ಲ. ಕತ್ತರಿಸು ಎಂಬ ಅರ್ಥದ ‘ಅರಿ’ಯಲ್ಲಿರುವುದು ಸಾಮಾನ್ಯ ರೇಫ, ಅಂದರೆ ಇಂದಿನ ‘ರ’; ತಿಳಿ ಎಂಬ ಅರ್ಥದ ‘ಅಱಿ’ಯಲ್ಲಿರುವುದು ಶಕಟರೇಫ, ಅಂದರೆ ಹಳೆಯ ‘ಱ’. ಇವೆರಡೂ ಕಿವಿಗೆ ಬೇರೆ ಬೇರೆಯಾಗಿ ಕೇಳುತ್ತಿದ್ದ, ಬರವಣಿಗೆಯಲ್ಲಿಯೂ ಬೇರೆ ಬೇರೆ ಅಕ್ಷರಗಳನ್ನು ಪಡೆದಿದ್ದ ಧ್ವನಿಗಳು. ಕಾಲಕ್ರಮದಲ್ಲಿ ಆಡುಮಾತಿನಲ್ಲಿ ಶಕಟರೇಫವು ಸಾಮಾನ್ಯ ರೇಫದೊಡನೆ ಬೆರೆತುಹೋಯಿತು. ಅದರ ಹಿಂದೆಯೇ ಬರವಣಿಗೆಯಿಂದಲೂ ಮರೆಯಾಯಿತು. ಅಲ್ಲಿಗೆ ‘ತಲೆಯನರಿದು’ ಎಂಬುದನ್ನು ಓದುವವನಿಗೆ ಕಣ್ಣಿನ ಆಧಾರವೂ ಇಲ್ಲ, ಕಿವಿಯ ಆಧಾರವೂ ಇಲ್ಲ ಎಂಬಂತಾಯಿತು. ಒಂದೇ ರೂಪದ ಎರಡು ಕ್ರಿಯಾಪದಗಳು ಎದುರುಬದುರಾದಾಗ ಹೆಚ್ಚು ಬಳಕೆಯಲ್ಲಿರುವುದು ಉಳಿಯುವುದು ಸಹಜ. ದಿನಕ್ಕೆ ಹತ್ತು ಬಾರಿ ಬೇಕಾಗುವ ‘ತಿಳಿ’ ಎಂಬ ಅರ್ಥದ ಅರಿ ಉಳಿಯಿತು. ಕಡಿ, ತರಿ, ಕೊಯ್ಯುಗಳು ಕೈಗೆಟಕುವಂತಿದ್ದುದರಿಂದ ಕತ್ತರಿಸುವ ಅರಿಯನ್ನು ಜನ ಕೈಬಿಟ್ಟರು.

1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲ್ ನಿಘಂಟನ್ನು ತೆರೆದು ನೋಡಿದರೆ ಶಕಟರೇಫವುಳ್ಳ ರೂಪವನ್ನೂ ಅದಿಲ್ಲದ ರೂಪವನ್ನೂ ಬೇರೆ ಬೇರೆಯಾಗಿಯೇ ನಮೂದಿಸಿರುವುದು ಕಾಣುತ್ತದೆ. ತಮ್ಮ ಟಿಪ್ಪಣಿಯಲ್ಲಿಯೂ ಈ ಎರಡು ಅಕ್ಷರಗಳನ್ನು ಒಮ್ಮೆ ಪಕ್ಕಪಕ್ಕದಲ್ಲಿ ಅಚ್ಚು ಹಾಕಿಸಿ ತೋರಿಸಬೇಕೆಂದು ನನ್ನ ಆಗ್ರಹ. ಅಕ್ಷರವನ್ನು ಕಣ್ಣಿನಿಂದ ಕಂಡ ವಿದ್ಯಾರ್ಥಿ ಅರ್ಥವನ್ನು ಮರೆಯುವುದಿಲ್ಲ.

ಕುಂಬಳೆಯ ಓದುಗ

ಶಕಟರೇಫ ಅವರ ಮಾತಿಗೆ ಗಡಿನಾಡಿನಿಂದ ಒಂದು ಜೀವಂತ ಸಾಕ್ಷ್ಯವನ್ನು ಸೇರಿಸುತ್ತೇನೆ. ಕಾಸರಗೋಡಿನ ಕನ್ನಡಿಗರಾದ ನಮಗೆ ಈ ವ್ಯತ್ಯಾಸ ಪುಸ್ತಕದಲ್ಲಿ ಕಲಿಯಬೇಕಾದುದೇನೂ ಅಲ್ಲ, ಏಕೆಂದರೆ ಮಲಯಾಳದಲ್ಲಿ ಅದು ಇಂದಿಗೂ ಹಾಗೆಯೇ ಉಳಿದಿದೆ. ತರಕಾರಿ ಹೆಚ್ಚುವುದಕ್ಕೆ ಅವರು ಹೇಳುವುದು ಮೆದು ರೇಫದ ‘ಅರಿಯುಗ’. ತಿಳಿಯುವುದಕ್ಕೆ ಹೇಳುವುದು ಗಡಸು ರೇಫದ ‘ಅಱಿಯುಗ’. ಎರಡಕ್ಕೂ ಬೇರೆ ಬೇರೆ ಲಿಪಿಚಿಹ್ನೆಗಳಿವೆ. ಕುಡುಗೋಲಿಗೆ ಮಲಯಾಳದಲ್ಲಿಯೂ ತಮಿಳಿನಲ್ಲಿಯೂ ‘ಅರಿವಾಳ್’ ಎಂದೇ ಹೆಸರು, ಅಂದರೆ ಅರಿಯುವ ಬಾಳು. ಆದ್ದರಿಂದ ‘ಅರಿ’ ಎಂಬುದು ಮೂಲದಲ್ಲಿ ತಲೆಗೇ ಮೀಸಲಾದ ಕ್ರಿಯಾಪದವಾಗಿರಲಿಲ್ಲ. ಹರಿತವಾದ ಬಾಯಿಯುಳ್ಳ ಆಯುಧದಿಂದ ಒಂದು ವಸ್ತುವನ್ನು ಅದರ ಬುಡದಿಂದ ಬೇರ್ಪಡಿಸುವ ಎಲ್ಲ ಕೆಲಸಕ್ಕೂ ಅದು ಸಲ್ಲುತ್ತಿತ್ತು. ಯುದ್ಧವರ್ಣನೆಗಳಲ್ಲಿ ಮಾತ್ರ ಅದನ್ನು ಎದುರುಗೊಳ್ಳುವ ನಮಗೆ ಅದು ತಲೆ ಕಡಿಯುವ ಪದವೆಂದೇ ತೋರುತ್ತದೆ.

ತುಳುವಿನಲ್ಲಿ ಈ ಅರ್ಥಕ್ಕೆ ನಾವು ಬಳಸುವುದು ‘ಕಡ್ಪುನಿ’; ‘ತರೆ ಕಡ್ಪುನಿ’ ಎಂದರೆ ತಲೆ ಕಡಿಯುವುದು. ಅದು ಕನ್ನಡದ ‘ಕಡಿ’ಯ ಒಡಹುಟ್ಟು.

ನಾಗಮಂಗಲದ ಕಡೆಯವನು

ಅರಿ ಮರೆಯಾಗಿದೆ ಎಂಬ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕ್ರಿಯಾಪದವಾಗಿ ಹೋಗಿದೆ, ನಾಮಪದವಾಗಿ ನಮ್ಮ ಹೊಲಗಳಲ್ಲಿ ಇನ್ನೂ ಇದೆ. ರಾಗಿ ಕೊಯ್ಯುವವರು ಎಡಗೈಯಲ್ಲಿ ಹಿಡಿಯಷ್ಟು ಪೈರನ್ನು ಹಿಡಿದು, ಬುಡದಲ್ಲಿ ಕುಡುಗೋಲು ಎಳೆದು, ಕೊಯ್ದುದನ್ನು ತೆನೆಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ನೆಲದ ಮೇಲೆ ಸಾಲಾಗಿ ಹಾಕುತ್ತಾ ಹೋಗುತ್ತಾರೆ. ಹಾಗೆ ಹಾಕಿದ್ದಕ್ಕೆ ‘ಅರಿ’ ಎಂದು ಹೆಸರು. ಆ ಕೆಲಸಕ್ಕೆ ‘ಅರಿ ಹಾಕುವುದು’ ಎನ್ನುತ್ತಾರೆ. ಅರಿ ಒಣಗಿದ ಮೇಲೆ ಸಿವುಡು ಕಟ್ಟುತ್ತಾರೆ, ಸಿವುಡುಗಳನ್ನು ತಂದು ಮೆದೆ ಹಾಕುತ್ತಾರೆ. ಅರಿಯಲ್ಲಿರುವಾಗ ಮಳೆ ಬಂದರೆ ಬೆಳೆ ಕೆಟ್ಟಿತೆಂದೇ ಲೆಕ್ಕ. ಯಂತ್ರದಲ್ಲಿ ಕೊಯ್ಲು ಮಾಡಿಸುವವರು ಹೆಚ್ಚಾದಂತೆ ಈ ಮಾತು ಕೇಳುವುದು ಕಡಿಮೆಯಾಗಿದೆ, ಆದರೂ ನಮ್ಮ ಸೀಮೆಯ ಹಿರಿಯರಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ.

ಟಿಪ್ಪಣಿಯಲ್ಲಿ ಇದನ್ನೂ ಸೇರಿಸಿ ಎಂದು ಕೇಳಿಕೊಳ್ಳುತ್ತೇನೆ, ಮೇಡಂ. ಹಳ್ಳಿಯಿಂದ ಬಂದ ಹುಡುಗರಿಗೆ ರಣರಂಗದ ‘ಅರಿದನು’ ಎಂಬ ಮಾತು ತಮ್ಮ ಹೊಲದ ಮಾತಿನ ಕುಲದ್ದೇ ಎಂದು ಗೊತ್ತಾದರೆ ಹಳೆಯ ಕಾವ್ಯದ ಬಗ್ಗೆ ಅವರಿಗಿರುವ ಅಂಜಿಕೆ ಕಡಿಮೆಯಾಗುತ್ತದೆ.

ಟಿಪ್ಪಣಿಕಾರ್ತಿ

ಹೊಲದ ಅರಿಯನ್ನು ತಿಳಿಸಿದ್ದಕ್ಕೆ ತುಂಬ ಕೃತಜ್ಞಳಾಗಿದ್ದೇನೆ. ಅದನ್ನು ಖಂಡಿತ ಸೇರಿಸುತ್ತೇನೆ. ಈಗ ಎರಡನೆಯ ಭಾಗಕ್ಕೆ ಬರಬೇಕೆಂದು ವಿನಂತಿ. ಅಂಚಿನ ಟಿಪ್ಪಣಿಯಲ್ಲಿ ನನಗೆ ದೊರೆಯುವುದು ಒಂದು ಸಾಲಿನ ಜಾಗ ಮಾತ್ರ.

ಹಳಗನ್ನಡದ ಮೇಷ್ಟ್ರು

ತಮ್ಮ ಪಟ್ಟಿಯ ಪದಗಳು ಒಂದರ ಬದಲು ಇನ್ನೊಂದಾಗಿ ಬರುವಂಥವಲ್ಲ. ಪ್ರತಿಯೊಂದು ಪದವೂ ಕೈಯ ಒಂದೊಂದು ಚಲನೆಯನ್ನು ತನ್ನೊಳಗೆ ಇಟ್ಟುಕೊಂಡಿದೆ. ಅದನ್ನು ಗಮನಿಸದೆ ಬಳಸಿದರೆ ಚಿತ್ರವೇ ಬದಲಾಗುತ್ತದೆ.

‘ಕಡಿ’ಯಲ್ಲಿ ಆಯುಧ ಮೇಲಿನಿಂದ ಬೀಳುತ್ತದೆ, ಅದಕ್ಕೆ ತೂಕವಿರುತ್ತದೆ. ಮಚ್ಚು, ಕೊಡಲಿ, ಕತ್ತಿ ಇವು ಕಡಿಯುವ ಆಯುಧಗಳು. ಮರವನ್ನು ಕಡಿಯುತ್ತೇವೆ, ಜಾತ್ರೆಯಲ್ಲಿ ಹರಕೆಯ ಮರಿಯನ್ನು ಕಡಿಯುತ್ತಾರೆ. ‘ಕೊಯ್ಯು’ ಎಂಬುದರಲ್ಲಿ ಆಯುಧ ಬೀಳುವುದಿಲ್ಲ, ಎಳೆಯಲ್ಪಡುತ್ತದೆ. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು: ‘ಕತ್ತು ಕೊಯ್ದರು’ ಎಂದಾಗ ಸಾವು ಸಂಭವಿಸಿದೆ ಎಂದು ಊಹಿಸಬಹುದೇ ಹೊರತು ತಲೆ ದೇಹದಿಂದ ಬೇರೆಯಾಯಿತು ಎಂದು ಹೇಳಿದಂತಾಗುವುದಿಲ್ಲ. ಆದ್ದರಿಂದ ‘ತಲೆಯನರಿದು’ ಎಂಬುದಕ್ಕೆ ‘ಕತ್ತು ಕೊಯ್ದು’ ಎಂದು ಬರೆದರೆ ಅರ್ಥ ಅರ್ಧಕ್ಕೆ ನಿಂತಹಾಗೆ. ‘ಕೊಚ್ಚು’ ಎಂಬುದು ಮೇಲಿಂದ ಮೇಲೆ ಬೀಳುವ ಏಟುಗಳ ಮಾತು. ಒಂದೇ ಏಟಿಗೆ ಮುಗಿಯುವ ಕೆಲಸಕ್ಕೆ ಅದು ಒಪ್ಪುವುದಿಲ್ಲ. ‘ಸವರು’ ಎಂಬುದು ಬೇಲಿಯನ್ನೋ ಕೊಂಬೆಯನ್ನೋ ಬೀಸುಗತ್ತಿಯಿಂದ ಒಂದು ಮಟ್ಟಕ್ಕೆ ತರುವ ಕೆಲಸ. ಯುದ್ಧವರ್ಣನೆಯಲ್ಲಿ ಒಬ್ಬ ವೀರ ಸಾಲು ಸಾಲಾಗಿ ಸೈನಿಕರನ್ನು ಕೆಡಹುವಾಗ ಅದು ಸೊಗಸಾಗಿ ಹೊಂದುತ್ತದೆ, ಒಬ್ಬನೇ ಎದುರಾಳಿಯಿರುವಾಗ ಹೊಂದುವುದಿಲ್ಲ. ‘ಕತ್ತರಿಸು’ ಕತ್ತರಿಯಿಂದ ಬಂದ ಪದ. ಇಂದು ಎಲ್ಲ ಬಗೆಯ ಬೇರ್ಪಡಿಸುವಿಕೆಗೂ ಸಲ್ಲುತ್ತದೆ, ಆ ಕಾರಣದಿಂದಲೇ ಅದರಲ್ಲಿ ಯಾವ ಚಿತ್ರವೂ ಉಳಿದಿಲ್ಲ.

ಉಳಿದದ್ದು ‘ತರಿ’. ನನ್ನ ಅಭಿಪ್ರಾಯದಲ್ಲಿ ಅರಿಗೆ ಅತ್ಯಂತ ಹತ್ತಿರದ ಪದ ಇದೇ. ಅದರಲ್ಲಿ ಹರಿತವೂ ಇದೆ, ವೇಗವೂ ಇದೆ, ಬೇರ್ಪಟ್ಟಿತೆಂಬ ಖಚಿತತೆಯೂ ಇದೆ. ಶ್ರೀಕೃಷ್ಣನ ಚಕ್ರ ಶಿಶುಪಾಲನ ತಲೆಯನ್ನು ತರಿಯಿತು ಎಂದರೆ ಕಿವಿಗೆ ಒಪ್ಪುತ್ತದೆ. ಕಡಿಯಿತು ಎಂದರೆ ಚಕ್ರಕ್ಕೆ ಕೊಡಲಿಯ ಭಾರ ಬರುತ್ತದೆ, ಕೊಯ್ದಿತು ಎಂದರೆ ಅದರ ವೇಗ ಹೋಗುತ್ತದೆ. ಪರಶುರಾಮ ತಂದೆಯ ಆಜ್ಞೆಯಂತೆ ತಾಯಿ ರೇಣುಕೆಯ ತಲೆಯನ್ನು ಕೊಡಲಿಯಿಂದ ‘ಕಡಿದ’ ಎಂದು ನಮ್ಮ ಜನ ಹೇಳುತ್ತಾರಲ್ಲ, ಅಲ್ಲಿ ಆಯುಧವೇ ಕ್ರಿಯಾಪದವನ್ನು ಆರಿಸಿಕೊಂಡಿದೆ.

ಇನ್ನೊಂದು ಮಾತು. ಇವುಗಳಲ್ಲಿ ಯಾವುದೂ ತಾನೊಂದೇ ನಿಂತು ತಲೆ ತೆಗೆಯುವ ಅರ್ಥವನ್ನು ಕೊಡುವುದಿಲ್ಲ. ತಲೆ, ಶಿರ, ಕತ್ತು, ಗೋಣು ಎಂಬ ಕರ್ಮಪದ ಜೊತೆಗಿರಲೇಬೇಕು. ಅರಿಯ ವಿಷಯದಲ್ಲಿಯೂ ಹೀಗೆಯೇ. ಆದ್ದರಿಂದ ಟಿಪ್ಪಣಿಯಲ್ಲಿ ‘ಅರಿ = ತಲೆ ತರಿ’ ಎಂದು ಬರೆಯಬಾರದು; ‘ಅರಿ = ತರಿ, ಕತ್ತರಿಸಿ ಬೇರ್ಪಡಿಸು’ ಎಂದು ಬರೆಯಬೇಕು.

ಸಂಧಿಕಾರ್ಯ

ಮೇಷ್ಟ್ರು ಶಿರಚ್ಛೇದವನ್ನು ಬಿಟ್ಟಿದ್ದಾರೆ, ಆದ್ದರಿಂದ ಅದನ್ನು ನಾನು ಎತ್ತಿಕೊಳ್ಳುತ್ತೇನೆ. ಮೊದಲು ಕಾಗುಣಿತದ ಮಾತು. ಸಂಸ್ಕೃತದ ‘ಶಿರಸ್’ ಎಂಬ ಸಕಾರಾಂತಕ್ಕೆ ‘ಛೇದ’ ಸೇರಿದರೆ ಶ್ಚುತ್ವಸಂಧಿಯಿಂದ ‘ಶಿರಶ್ಛೇದ’ ಎಂದಾಗುತ್ತದೆ. ಪತ್ರಿಕೆಗಳಲ್ಲಿ ಕಾಣುವ ‘ಶಿರಚ್ಛೇದ’ ತಪ್ಪೆಂದು ಹಲವರು ತಿದ್ದುತ್ತಾರೆ. ನಾನು ಹಾಗೆ ತಿದ್ದುವುದಿಲ್ಲ. ಕನ್ನಡದಲ್ಲಿ ಆ ಪದ ‘ಶಿರ’ ಎಂದು ಅಕಾರಾಂತವಾಗಿಯೇ ನೆಲೆಸಿದೆ. ಹ್ರಸ್ವಸ್ವರದ ಮುಂದೆ ಛಕಾರ ಬಂದಾಗ ನಡುವೆ ಚಕಾರ ಸೇರುವುದು, ‘ವೃಕ್ಷಚ್ಛಾಯೆ’ಯಲ್ಲಿ ಆಗಿರುವಂತೆ, ನಿಯಮಬದ್ಧವೇ ಆಗಿದೆ. ಎರಡು ರೂಪಗಳಿಗೂ ಆಧಾರವಿದೆ. ‘ಶಿರಛೇದ’ ಎಂದು ಒತ್ತಿಲ್ಲದೆ ಬರೆಯುವುದನ್ನು ಮಾತ್ರ ಒಪ್ಪಲಾಗದು.

ಇನ್ನು ಅರ್ಥದ ಮಾತು. ಶಿರಚ್ಛೇದವೆಂದರೆ ಶಿಕ್ಷೆಯ ವಾಸನೆಯುಳ್ಳ ಪದ. ಅಲ್ಲಿ ಆಜ್ಞಾಪಿಸುವವನೊಬ್ಬ, ಕತ್ತಿ ಎತ್ತುವವನು ಇನ್ನೊಬ್ಬ, ತಪ್ಪಿಸಿಕೊಳ್ಳಲಾಗದಂತೆ ಹಿಡಿಯಲ್ಪಟ್ಟವನು ಮತ್ತೊಬ್ಬ. 1565ರ ಜನವರಿ 23ರಂದು ರಕ್ಕಸತಂಗಡಿಯ ಯುದ್ಧದಲ್ಲಿ ಅಳಿಯ ರಾಮರಾಯ ಸೆರೆ ಸಿಕ್ಕಿದ. ಅಹಮದನಗರದ ಹುಸೇನ್ ನಿಜಾಮ್ ಷಾ ಅವನ ತಲೆಯನ್ನು ತೆಗೆಸಿದ. ಆ ತಲೆಯನ್ನು ಈಟಿಯ ತುದಿಗೇರಿಸಿ ತೋರಿಸಿದೊಡನೆ ವಿಜಯನಗರದ ಸೈನ್ಯ ಚೆದುರಿತು. ಇದನ್ನು ‘ರಾಮರಾಯನ ಶಿರಚ್ಛೇದ ಮಾಡಿಸಿದನು’ ಎಂದು ಇತಿಹಾಸದ ಪುಸ್ತಕಗಳು ಬರೆಯುವುದು ಸರಿಯಾಗಿಯೇ ಇದೆ. ಘಟನೆ ನಡೆದದ್ದು ಯುದ್ಧಭೂಮಿಯಲ್ಲಿಯೇ ಆದರೂ ಅದು ಕಾಳಗದ ಏಟಲ್ಲ, ಸೆರೆಯಾಳಿಗೆ ವಿಧಿಸಿದ ಸಾವು. ಅದೇ ರೀತಿ 1793ರಲ್ಲಿ ಫ್ರಾನ್ಸಿನ ಹದಿನಾರನೆಯ ಲೂಯಿಗೆ ಗಿಲೊಟಿನ್ ಯಂತ್ರದಿಂದ ಆದದ್ದೂ ಶಿರಚ್ಛೇದವೇ. ತಮ್ಮ ಕಾವ್ಯದ ವೀರ ಎದುರಾಳಿಯೊಡನೆ ಸೆಣಸುತ್ತಾ ಅವನ ತಲೆಯನ್ನು ಅರಿದಾಗ ಅಲ್ಲಿ ಶಿರಚ್ಛೇದ ಎಂದು ಬರೆದರೆ ವೀರನನ್ನು ಕೊಲೆಗಡುಕ ಸೇವಕನ ಸ್ಥಾನಕ್ಕೆ ಇಳಿಸಿದಂತಾಗುತ್ತದೆ.

ಕುಂಬಳೆಯ ಓದುಗ

ಸಂಧಿಕಾರ್ಯ ಅವರ ವಾದ ಒಪ್ಪತಕ್ಕದ್ದೇ, ಆದರೆ ‘ವಾಸನೆ’ಯನ್ನು ನಿಯಮವೆಂದು ತಿಳಿಯಬಾರದು. ನಮ್ಮ ಕಡೆಯ ಯಕ್ಷಗಾನದ ಅರ್ಥಗಾರಿಕೆಯಲ್ಲಿ ಎದುರಾಳಿಯನ್ನು ಬೆದರಿಸುವ ವೇಷಧಾರಿ ‘ನಿನ್ನ ಶಿರಚ್ಛೇದ ಮಾಡುತ್ತೇನೆ’ ಎಂದು ಧಾರಾಳವಾಗಿ ಹೇಳುತ್ತಾನೆ, ಅಲ್ಲಿ ಶಿಕ್ಷೆಯ ಪ್ರಶ್ನೆಯೇ ಇರುವುದಿಲ್ಲ. ಅದೇ ಮಾತುಗಾರಿಕೆಯಲ್ಲಿ ‘ರುಂಡ ಮುಂಡಗಳನ್ನು ಬೇರೆ ಮಾಡುತ್ತೇನೆ’, ‘ರುಂಡವನ್ನು ಚೆಂಡಾಡುತ್ತೇನೆ’ ಎಂಬುವೂ ಬರುತ್ತವೆ. ಚೆಂಡಾಡು ಎಂಬುದರಲ್ಲಿ ಕಡಿಯುವ ಕ್ರಿಯೆ ಹೇಳಲ್ಪಟ್ಟಿಲ್ಲ, ಕಡಿದ ಮೇಲಿನ ಅವಮಾನ ಹೇಳಲ್ಪಟ್ಟಿದೆ.

ಸಂಧಿಕಾರ್ಯ

ರಂಗದ ಮೇಲೆ ಆ ಪದ ಬರುವುದು ಅದರ ನಾದಬಲದಿಂದ. ಆವೇಶದ ಮಾತಿಗೆ ಒತ್ತಕ್ಷರಗಳು ಬೇಕು. ಬರೆದ ಟಿಪ್ಪಣಿಗೆ ಅದೇ ಅಳತೆಗೋಲನ್ನು ಹಿಡಿಯುವುದು ಬೇಡ ಎಂಬ ನನ್ನ ಮಾತಿಗೆ ನಾನು ಬದ್ಧನಾಗಿದ್ದೇನೆ.

ರುಂಡ ಮುಂಡಗಳ ಮಾತು ಬಂದುದರಿಂದ ಒಂದು ಸಂಗತಿಯನ್ನು ಹೇಳಲೇಬೇಕು. ಸಂಸ್ಕೃತದಲ್ಲಿ ‘ರುಂಡ’ ಎಂದರೆ ತಲೆಯಿಲ್ಲದ ದೇಹ, ‘ಮುಂಡ’ ಎಂದರೆ ತಲೆ. ಕಾಳಿಯ ಕೊರಳಿನಲ್ಲಿರುವುದು ಸಂಸ್ಕೃತದಲ್ಲಿ ಮುಂಡಮಾಲೆ. ಕನ್ನಡದಲ್ಲಿ ಇದು ತಿರುವುಮುರುವಾಗಿ, ತಲೆ ರುಂಡವಾಗಿದೆ, ದೇಹ ಮುಂಡವಾಗಿದೆ. ಅದೇ ಹಾರವನ್ನು ನಾವು ರುಂಡಮಾಲೆ ಎನ್ನುತ್ತೇವೆ. ಕನ್ನಡದ ಬಳಕೆ ತಪ್ಪಲ್ಲ, ಅದು ಕನ್ನಡದ್ದು. ಆದರೆ ಸಂಸ್ಕೃತ ಶ್ಲೋಕವನ್ನೂ ಕನ್ನಡ ಪದ್ಯವನ್ನೂ ಒಟ್ಟಿಗೆ ಪಾಠ ಹೇಳುವವರು ಈ ವ್ಯತ್ಯಾಸವನ್ನು ಹೇಳದಿದ್ದರೆ ವಿದ್ಯಾರ್ಥಿ ದೇಹಗಳ ಹಾರವನ್ನು ಕಲ್ಪಿಸಿಕೊಳ್ಳಬೇಕಾಗುತ್ತದೆ.

ಹಳಗನ್ನಡದ ಮೇಷ್ಟ್ರು

ತಲೆಯಿಲ್ಲದ ದೇಹಕ್ಕೆ ಹಳಗನ್ನಡದಲ್ಲಿ ‘ಅಟ್ಟೆ’ ಎಂಬ ಅಚ್ಚ ಪದವೇ ಇದೆ. ತಲೆ ಹೋದ ಮೇಲೆಯೂ ಅಟ್ಟೆಗಳು ರಣರಂಗದಲ್ಲಿ ಎದ್ದು ಕುಣಿಯುವ ವರ್ಣನೆ ನಮ್ಮ ಕವಿಗಳಿಗೆ ಪ್ರಿಯವಾದದ್ದು. ಸಂಸ್ಕೃತದಲ್ಲಿ ಇದಕ್ಕೆ ಸಮನಾದದ್ದು ‘ಕಬಂಧ’. ತಲೆಯನ್ನು ಅರಿದ ಪ್ರಸಂಗದಲ್ಲಿ ಮುಂದಿನ ಪದ್ಯಗಳಲ್ಲಿ ಅಟ್ಟೆ ಬಂದರೆ ಅದನ್ನು ಪಾದರಕ್ಷೆಯ ಅಟ್ಟೆಯೆಂದು ತಿಳಿಯದಂತೆ ವಿದ್ಯಾರ್ಥಿಗಳನ್ನು ಎಚ್ಚರಿಸಬೇಕು.

ಶಾಸನಾಸಕ್ತೆ

ಇದುವರೆಗೆ ಒಬ್ಬನು ಇನ್ನೊಬ್ಬನ ತಲೆಯನ್ನು ತೆಗೆಯುವ ಪದಗಳೇ ಚರ್ಚೆಗೆ ಬಂದಿವೆ. ಕನ್ನಡ ನಾಡಿನ ಶಾಸನಗಳನ್ನೂ ಸ್ಮಾರಕಶಿಲ್ಪಗಳನ್ನೂ ನೋಡಿದವರಿಗೆ ಇದು ಚಿತ್ರದ ಒಂದು ಪಕ್ಕ ಮಾತ್ರ. ಇನ್ನೊಂದು ಪಕ್ಕದಲ್ಲಿ ತನ್ನ ತಲೆಯನ್ನು ತಾನೇ ಒಪ್ಪಿಸುವವನಿದ್ದಾನೆ. ಅವನಿಗೆ ಕಡಿ, ತರಿಗಳಲ್ಲಿ ಯಾವುದೂ ಹೊಂದುವುದಿಲ್ಲ. ಅಲ್ಲಿ ಸಲ್ಲುವ ಕ್ರಿಯಾಪದ ‘ಕೊಡು’, ಅಂದರೆ ತಲೆಗೊಡು.

ಸಿಡಿತಲೆ ಎಂಬ ಆಚರಣೆಯನ್ನು ಕೆತ್ತಿರುವ ಕಲ್ಲುಗಳಿವೆ. ಕುಳಿತ ವ್ಯಕ್ತಿಯ ಮುಡಿಯನ್ನು ಬಾಗಿಸಿ ಹಿಡಿದ ಗಳುವಿನ ತುದಿಗೆ ಕಟ್ಟಿರುತ್ತಾರೆ. ಕತ್ತಿ ಕೊರಳಿಗೆ ಬಿದ್ದೊಡನೆ ಗಳು ನೆಟ್ಟಗಾಗುತ್ತದೆ, ತಲೆ ಮೇಲಕ್ಕೆ ಸಿಡಿಯುತ್ತದೆ. ಈ ಪದದಲ್ಲಿ ಕತ್ತಿಯ ಮಾತಿಲ್ಲ, ಕಡಿಯುವವನ ಮಾತೂ ಇಲ್ಲ. ಸಿಡಿದ ತಲೆಯನ್ನು ಮಾತ್ರ ಹೆಸರಿಸಿದ್ದಾರೆ, ಏಕೆಂದರೆ ಕೊಟ್ಟವನ ಗೌರವ ಆ ತಲೆಯಲ್ಲಿದೆ.

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿ ಇರುವ ಗರುಡಗಂಬವನ್ನು ಸಾಧ್ಯವಾದವರು ಹತ್ತಿರ ನಿಂತು ನೋಡಬೇಕು. ಇಮ್ಮಡಿ ವೀರಬಲ್ಲಾಳ 1220ರಲ್ಲಿ ತೀರಿಕೊಂಡಾಗ, ಅವನಿಗಾಗಿ ಪ್ರಾಣ ಕೊಡುವ ಪ್ರತಿಜ್ಞೆ ಮಾಡಿದ್ದ ಕುವರ ಲಕ್ಷ್ಮನು ತನ್ನ ಹೆಂಡತಿಯೊಡನೆಯೂ ಅನುಯಾಯಿಗಳೊಡನೆಯೂ ಆತ್ಮಾರ್ಪಣೆ ಮಾಡಿಕೊಂಡದ್ದರ ನೆನಪಿಗೆ ನಿಂತ ಕಂಬ ಅದು. ಕಂಬದ ಸುತ್ತ ಕಿರಿದಾಗಿ ಕೆತ್ತಿರುವ ವೀರರು ಕೈಯಲ್ಲಿ ಆಯುಧ ಹಿಡಿದು ತಮ್ಮ ಅಂಗಗಳನ್ನೂ ತಲೆಯನ್ನೂ ತಾವೇ ಕತ್ತರಿಸಿಕೊಳ್ಳುತ್ತಿದ್ದಾರೆ. ಒಡೆಯನಿಗಾಗಿ ಸಾಯುವ ಇಂಥ ಪ್ರತಿಜ್ಞೆಗೆ ‘ವೇಳೆವಾಳಿ’ ಎಂದೂ, ಹೀಗೆ ಪ್ರಾಣ ಕೊಡುವವರಿಗೆ ‘ಗರುಡ’, ‘ಲೆಂಕ’ ಎಂದೂ ಹೆಸರುಗಳಿವೆ. ಇದನ್ನು ವಿವರಿಸುವ ಪ್ರವಾಸಿ ಮಾರ್ಗದರ್ಶಿಗಳಲ್ಲಿ ‘ತಲೆ ಕಡಿದುಕೊಂಡರು’ ಎಂಬ ಒಣ ಮಾತನ್ನು ಕಂಡಾಗಲೆಲ್ಲ ನನಗೆ ಬೇಸರವಾಗುತ್ತದೆ. ಆ ಕಾಲದವರ ನಿಷ್ಠೆಯನ್ನು ನಾವು ಒಪ್ಪಬೇಕಾಗಿಲ್ಲ, ಆದರೆ ಅವರು ತಮ್ಮ ಕೃತ್ಯವನ್ನು ‘ಕೊಡುವುದು’ ಎಂದು ಕಂಡಿದ್ದರು ಎಂಬುದನ್ನು ಮರೆಮಾಡಬಾರದು.

ಪಕ್ಕದ ತಮಿಳು ನಾಡಿನಲ್ಲಿ ಮೂರನೆಯ ಒಂದು ಬಗೆಯಿದೆ. ಹತ್ತನೆಯ ಶತಮಾನದಲ್ಲಿ ವೀರಪಾಂಡ್ಯ ‘ಚೋಳನ್ ತಲೈಕೊಂಡ’ ಎಂಬ ಬಿರುದು ಹೊತ್ತಿದ್ದ. ಅನಂತರ ಚೋಳರ ಆದಿತ್ಯ ಕರಿಕಾಲ ‘ವೀರಪಾಂಡಿಯನ್ ತಲೈಕೊಂಡ’ ಎನಿಸಿಕೊಂಡ. ಅಲ್ಲಿ ತಲೆಯನ್ನು ಕೊಳ್ಳುವುದು ಗೆದ್ದವನ ಬಿರುದು, ಇಲ್ಲಿ ತಲೆಯನ್ನು ಕೊಡುವುದು ಸತ್ತವನ ಹಿರಿಮೆ. ‘ತಲೈಕೊಂಡ’ ಎಂಬುದು ನಿಜವಾಗಿ ಕತ್ತರಿಸಿದ್ದನ್ನೇ ಹೇಳುತ್ತದೆಯೋ ತಲೆಬಾಗಿಸಿದ್ದನ್ನು ಹೇಳುತ್ತದೆಯೋ ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.

ಸುದ್ದಿಮನೆಯ ಹಳಬ

‘ತಲೆದಂಡ’ವನ್ನೂ ಪಟ್ಟಿಗೆ ಸೇರಿಸುವುದಾದರೆ ಎಚ್ಚರಿಕೆಯಿಂದ ಸೇರಿಸಬೇಕು. ದಂಡವಾಗಿ ತಲೆಯನ್ನೇ ತೆರುವುದು ಅದರ ಮೂಲಾರ್ಥ. ಇಂದಿನ ಪತ್ರಿಕೆಗಳಲ್ಲಿ ಸಚಿವನೋ ಅಧಿಕಾರಿಯೋ ಹುದ್ದೆ ಕಳೆದುಕೊಂಡರೆ ‘ತಲೆದಂಡ’ ಎಂದು ಶೀರ್ಷಿಕೆ ಬರುತ್ತದೆ. ಇಂದಿನ ಓದುಗನಿಗೆ ಅದು ರಾಜೀನಾಮೆಯ ಸುದ್ದಿಯೇ ಹೊರತು ಸಾವಿನದಲ್ಲ. ‘ತಲೆ ಉರುಳಿತು’ ಎಂಬುದೂ ಅದೇ ದಾರಿ ಹಿಡಿದಿದೆ.

ನನ್ನ ನಿಜವಾದ ಕಳಕಳಿ ಬೇರೆಯದು. ಕೊಲೆಯ ವರದಿಗಳಲ್ಲಿ ‘ರುಂಡ ಚೆಂಡಾಡಿದರು’ ಎಂದು ಬರೆಯುವ ಚಾಳಿ ನಿಲ್ಲಬೇಕು. ಸತ್ತವನಿಗೆ ತಾಯಿಯಿರುತ್ತಾಳೆ, ಮಕ್ಕಳಿರುತ್ತಾರೆ. ಅವರೂ ಅದನ್ನು ಓದುತ್ತಾರೆ. ಅಲ್ಲಿ ‘ತಲೆ ಕತ್ತರಿಸಿ ಕೊಲೆ ಮಾಡಲಾಗಿದೆ’ ಎಂಬ ಬರಿಯ ವಾಕ್ಯ ಸಾಕು. ಕತ್ತರಿಸು ಎಂಬುದರಲ್ಲಿ ಚಿತ್ರವಿಲ್ಲ ಎಂದು ಮೇಷ್ಟ್ರು ಹೇಳಿದರಲ್ಲ, ವರದಿಗಾರನಿಗೆ ಬೇಕಾಗಿರುವುದು ಅಂಥ ಪದವೇ.

ಟಿಪ್ಪಣಿಕಾರ್ತಿ

ಎಲ್ಲರ ಮಾತುಗಳನ್ನೂ ಎದುರಿಗಿಟ್ಟುಕೊಂಡು ಅಂಚಿನ ಟಿಪ್ಪಣಿಯನ್ನು ಹೀಗೆ ಬರೆದಿದ್ದೇನೆ: ‘ಅರಿ (ಸಾಮಾನ್ಯ ರೇಫ): ತರಿ, ಕತ್ತರಿಸಿ ಬೇರ್ಪಡಿಸು, ಹೋಲಿಸಿ: ಕೊಯ್ದು ಸಾಲಾಗಿ ಹಾಕಿದ ಪೈರಿಗೆ ಅರಿ ಎಂಬ ಹೆಸರು. ತಿಳಿ ಎಂಬ ಅರ್ಥದ ಅಱಿ (ಶಕಟರೇಫ) ಬೇರೆ.’ ಶಿರಚ್ಛೇದವನ್ನು ಕೈಬಿಟ್ಟಿದ್ದೇನೆ. ಇನ್ನೊಂದು ಸಂದೇಹ ಉಳಿದಿದೆ. ಮುದ್ರಿತ ಪಾಠದಲ್ಲಿ ಶಕಟರೇಫವನ್ನು ಉಳಿಸಿಲ್ಲವಾದ್ದರಿಂದ, ಪದ್ಯದಲ್ಲಿ ‘ಅರಿದು’ ಬಂದಾಗ ಅದು ಯಾವ ಅರಿಯೆಂದು ವಿದ್ಯಾರ್ಥಿ ಕಂಡುಹಿಡಿಯುವುದು ಹೇಗೆ?

ಶಕಟರೇಫ

ರೂಪದಿಂದ ಒಂದಿಷ್ಟು ನೆರವು ಸಿಗುತ್ತದೆ. ‘ಅರಿತು’, ‘ಅರಿತ’ ಎಂದು ತಕಾರ ಬಂದರೆ ಅದು ತಿಳಿಯುವ ಅರಿಯೇ. ಕತ್ತರಿಸುವ ಅರಿ ‘ಅರಿದು’, ‘ಅರಿದ’ ಎಂದು ದಕಾರವನ್ನು ಮಾತ್ರ ಪಡೆಯುತ್ತದೆ. ‘ಅರಿವು’ ಎಂಬ ನಾಮಪದವೂ ತಿಳಿವಿನದೇ. ಕಷ್ಟ ಬರುವುದು ‘ಅರಿದು’ ಎಂಬಲ್ಲಿ ಮಾತ್ರ, ಏಕೆಂದರೆ ಹಳೆಯ ಕಾವ್ಯದಲ್ಲಿ ತಿಳಿಯುವ ಅರಿಗೂ ಆ ರೂಪವಿದೆ. ‘ಅಸಾಧ್ಯವಾದುದು’ ಎಂಬ ಅರ್ಥದ ‘ಅರಿದು’ ಎಂಬ ಇನ್ನೊಂದು ಪದವೂ ಇದೆ. ಅಲ್ಲಿ ಕರ್ಮಪದವನ್ನು ನೋಡಬೇಕು. ತಲೆ, ಶಿರ, ಕೊರಳು, ತೋಳು, ಮೂಗು ಮುಂತಾದ ಅಂಗವಾಚಕಕ್ಕೆ ದ್ವಿತೀಯಾ ವಿಭಕ್ತಿ ಹತ್ತಿ, ಅದರ ಹಿಂದೆಯೋ ಮುಂದೆಯೋ ಕತ್ತಿ, ಬಾಳು, ಅಂಬುಗಳಲ್ಲಿ ಒಂದು ಇದ್ದರೆ ಅದು ಕತ್ತರಿಸುವ ಅರಿ. ಮನ, ನೆಲೆ, ಭೇದ, ಮರ್ಮಗಳಂಥ ಪದ ಕರ್ಮವಾಗಿದ್ದರೆ ತಿಳಿಯುವ ಅರಿ. ಟಿಪ್ಪಣಿಯ ಕೊನೆಗೆ ಇವೆರಡಕ್ಕೂ ಒಂದೊಂದು ಉದಾಹರಣೆಯನ್ನು ತಮ್ಮ ಪಾಠದಿಂದಲೇ ಆರಿಸಿ ಕೊಡಿ.